ಕಣ್ಣಿರುವ ಹೋಳು

ಹಾಸನದ ಬಿ.ಎಂ. ರಸ್ತೆಯ ಬಲಕ್ಕೆ, ಕೌಸಲ್ಯ ಶೀತಲಗೃಹ.
ಕೌಸಲ್ಯ ಅಂದರೆ ನಾನೇ. ಬೋರ್ಡಿನ ಮಟ್ಟಿಗೆ
ಇನ್ನೂ ತೀರ್ಮಾನವಾಗಿಲ್ಲ.

ಬೆಲೆ ಕಟ್ಟುವವರು ಬಂದರು, ಮಂಗಳವಾರ, ಸ್ವೆಟರ್ ಇಲ್ಲದೆ.
ಮೂರು ಡಿಗ್ರಿಯ ಕೋಣೆಯಲ್ಲಿ ಹಲ್ಲು ಕಡಿಯುತ್ತ ಬರೆದುಕೊಂಡರು:
ಕಂಪ್ರೆಸರ್ ಮೂರು, ಅಮೋನಿಯ ಪೈಪು,
ಆಲೂಗಡ್ಡೆ ಚೀಲ ಒಂಬತ್ತು ಸಾವಿರ, ಸ್ವಂತದ್ದು ನಾನ್ನೂರು.
"ಬೇರೆಯವರದನ್ನೇ ಇಷ್ಟು ವರ್ಷ ಕಾದಿರಲ್ಲಮ್ಮ" ಎಂದು ನಕ್ಕರು.
ನಾನು ನಗಲಿಲ್ಲ. ಕಾದದ್ದಕ್ಕೆ ಬಾಡಿಗೆ ಇತ್ತು,
ಚೀಲಕ್ಕೆ ಇಷ್ಟು ಅಂತ.

ಹೆಸರಿಗೂ ಬೆಲೆ ಇದೆಯಂತೆ, ಗುಡ್‌ವಿಲ್.
ನಮ್ಮೆಜಮಾನ್ರು (ಕಾಗದದಲ್ಲೀಗ ಎರಡನೇ ಪಕ್ಷದವರು)
ಬೋರ್ಡು ಬರೆಸಿದ್ದು ತಾವೆಂದು ಪೇಂಟರನ ಬಿಲ್ಲು ತೋರಿಸಿದರು.
ನನಗೆ ಹೆಸರಿಟ್ಟದ್ದು ಸೋದರತ್ತೆ, ಅರಕಲಗೂಡಿನಲ್ಲಿ,
ತೊಟ್ಟಿಲಿಗೆ ಬಾಗಿ, ಕಿವಿಯಲ್ಲಿ ಮೂರು ಸಲ.
ಅದಕ್ಕೆ ಬಿಲ್ಲಿಲ್ಲ.

ಲಾಯರ್ ತೀರ್ಥಕುಮಾರಿ ಹೇಳಿಕೊಟ್ಟಿದ್ದರು:
ಅಳಬೇಡಿ, ರಸೀತಿ ಕೊಡಿ.
ಕೊಟ್ಟೆ. ಕಾಸಿನ ಸರ ಗಿರವಿಗೆ ಹೋಗಿ
ಮೊದಲ ಕಂಪ್ರೆಸರ್ ಆಗಿ ಬಂದ ದಿನದ್ದು.
ಬಿಡಿಸಿಕೊಟ್ಟೆ ಅನ್ನುತ್ತಾರೆ ಅವರು.
ನನ್ನ ಕೊರಳಿಗೆ ನೆನಪಿಲ್ಲ.

ಎರಡು ಲಾರಿ ಯುಗಾದಿಗೆ ಮುಂಚೆಯೇ ಮೈದುನನ ಹೆಸರಿಗೆ ಹಾರಿದ್ದವು.
ಚನ್ನರಾಯಪಟ್ಟಣದ ಸೈಟು ಯಾವ ಪಟ್ಟಿಯಲ್ಲೂ ಇಲ್ಲ,
ಹನ್ನೊಂದು ವರ್ಷ ಅದರ ಕಂದಾಯ ಕಟ್ಟಿದವಳು ನಾನು.
ನಾನೂ ಸಾಚಾ ಅಲ್ಲ. ಚೀಟಿ ಎತ್ತಿದ ಮೂರು ಲಕ್ಷ
ತಂಗಿಯ ಅಕ್ಕಿ ಡಬ್ಬದಲ್ಲಿದೆ. ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೇ?

"ಸರಿಯಾಗಿ ಅರ್ಧರ್ಧ ಮಾಡಿಬಿಡೋಣ" ಎಂದರು ಮಧ್ಯಸ್ಥರು.
ಬಿತ್ತನೆಗಡ್ಡೆ ಕೊಯ್ಯುವುದನ್ನು ಅವರು ನೋಡಿಲ್ಲ.
ದುದ್ದದ ಹೆಂಗಸರು ಈಳಿಗೆಮಣೆಯ ಮೇಲೆ ಕೂತು
ಗಡ್ಡೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ಹುಡುಕುತ್ತಾರೆ,
ನಡು ಎಲ್ಲಿ ಎಂದಲ್ಲ,
ಕಣ್ಣೆಲ್ಲಿ ಎಂದು.
ಕಣ್ಣಿಲ್ಲದ ಹೋಳು ಎಷ್ಟೇ ದಪ್ಪವಿರಲಿ
ಮಣ್ಣಲ್ಲಿ ಕೊಳೆಯುತ್ತದೆ.

ಕಟ್ಟಡ ಅವರಿಗಿರಲಿ ಎಂದೆ. ಜಾಗ, ಬ್ಯಾಂಕಿನ ಸಾಲ,
ಕರೆಂಟಿನ ಬಾಕಿ, ಮೂರೂ ಕಂಪ್ರೆಸರ್, ಅದರೊಳಗೆ ಗುಂಯ್‌ಗುಡುವ ಕಾಸಿನ ಸರ.
ನನ್ನ ಪಾಲಿಗೆ ಬರಬೇಕಾದ ದುಡ್ಡು ಎರಡು ಕಂತು.
ಜೊತೆಗೆ ಬೋರ್ಡು. ಮತ್ತೆ ಆ ರೆಕ್ಸಿನ್ ಹೊದಿಕೆಯ ಪುಸ್ತಕ,
ರೈತರ ಹೆಸರು, ಊರು, ಫೋನು, ಯಾರಿಗೆ ಎಷ್ಟು ತಡವಾದರೂ ನಂಬಬಹುದು.
ಅದಕ್ಕೆ ಬೆಲೆ ಕಟ್ಟುವವರು ಹಾಕಿದ್ದು ಸೊನ್ನೆ.
ಅವರು ಥಟ್ಟನೆ ಸಹಿ ಮಾಡಿದರು.
ಮೊದಲ ಬಾರಿಗೆ ನನಗೆ ಸ್ವಲ್ಪ ಪಾಪ ಅನ್ನಿಸಿತು.

ವಿದ್ಯಾನಗರದ ಬಾಡಿಗೆ ಮನೆಯೊಳಕ್ಕೆ ಬೋರ್ಡು ಹಿಡಿಸಲಿಲ್ಲ.
ಕಾಂಪೌಂಡಿಗೆ ಒರಗಿದೆ, ನನ್ನ ಹೆಸರು ಅಡ್ಡಡ್ಡ,
ಪಕ್ಕದ ಮನೆಯ ಬೆಕ್ಕು "ಲ್ಯ"ದ ಮೇಲೆ ಮಲಗುತ್ತದೆ.
ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಕಂಪ್ರೆಸರ್ ನಿಂತ ಹಾಗೆ.
ಇಲ್ಲಿ ಕಂಪ್ರೆಸರ್ರೇ ಇಲ್ಲ.

ನಿನ್ನೆ ಆ ಹೊತ್ತಿಗೇ ಫೋನು. ಮೊಸಳೆಹೊಸಹಳ್ಳಿಯ ಈರಪ್ಪ:
"ಅಕ್ಕಾ, ಲಾರಿ ಟೋಲ್ ದಾಟ್ತು. ಚೀಲ ಎಲ್ಲಿ ಇಳಿಸ್ಲಿ?"
ಎಲ್ಲಿ ಎಂದು ನನಗೂ ಗೊತ್ತಿಲ್ಲ.
"ಇಳಿಸಬೇಡ" ಎಂದೆ, ಎದ್ದು ದೀಪ ಹಾಕುತ್ತ,
"ಬೆಳಗಾಗಲಿ."