ಬಲಗಡೆಯ ಸ್ಟಿಯರಿಂಗು

ಅಬಾನೊ ಘಾಟಿಯ ಹಿಮ ಕೊರೆಯಲು ಬುಲ್‌ಡೋಜರು
ಹೊರಟಿತೆಂದು ಸುದ್ದಿ ಬಂದ ರಾತ್ರಿಯಿಂದ
ಅಲ್ವಾನಿಯ ನನ್ನ ಶೆಡ್ಡಿಗೆ ನಿದ್ದೆಯಿಲ್ಲ.

ಶೆತೆ ತಂದು ನಿಲ್ಲಿಸಿದ್ದಾನೆ ಒಂದು ಡೆಲಿಕಾ ವ್ಯಾನು.
ಜಪಾನಿನಲ್ಲಿ ಯಾರದೋ ಮಕ್ಕಳನ್ನು ಶಾಲೆಗೆ ಹೊತ್ತು ಹೊತ್ತು
ಸವೆದು, ಹಡಗು ಹತ್ತಿ ಬಂದದ್ದು.
ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಮೊಲದ ಚಿತ್ರದಲ್ಲಿ
ಕಿವಿಯಷ್ಟೇ ಉಳಿದಿದೆ.
"ಇದು ಒಮಾಲೊಗೆ ಹತ್ತಬೇಕು, ಪಿಕ್ರಿಯಾ ಅಕ್ಕ," ಎನ್ನುತ್ತಾನೆ,
ಮದುವೆ ಸೂಟಿಗೆ ಅಳತೆ ಕೊಡಲು ಬಂದವನ ಹಾಗೆ
ಎದೆ ಸೆಟೆದು.

ಸರಿ. ಮೊದಲು ಕಳಚು.
ಪಕ್ಕದ ಮೆಟ್ಟಿಲುಪಟ್ಟಿ, ಹೊಳೆಯುವ ಬಂಪರು,
ಕಿಟಕಿಯ ಪರದೆ, ಪರದೆಯ ಜರಿ.
ದಾರಿಗೆ ಕಣ್ಣಿಲ್ಲ;
ಅದು ಮೈಭಾರ ಮುಟ್ಟಿ ಗುರುತು ಹಿಡಿಯುತ್ತದೆ.

ಹುಡುಗ ಗೆಲಾ ಕೆಳಗೆ ಮಲಗಿ ಗ್ರೀಸಿನಲ್ಲಿ ಮಿಂದ.
ಮುಂದಿನ ಟಾರ್ಶನ್ ಬಾರು ಇಷ್ಟಿಷ್ಟೇ ತಿರುಚಿ
ಹಿಂದೆ ಉದ್ದನೆಯ ಸ್ಪ್ರಿಂಗು ಕೂರಿಸಿ
ಎರಡಿಂಚು ಎತ್ತಿದೆವು.
ನಾಲ್ಕು ಬೇಕಂತೆ ಶೆತೆಗೆ.
"ನಾಲ್ಕು ಎತ್ತಿದರೆ ಫೋಟೋಗೆ ಚೆನ್ನ, ತಿರುವಿಗಲ್ಲ.
ಕುಡಿದವನ ಹಾಗೆ ವಾಲುತ್ತದೆ. ಎರಡು ಸಾಕು."
ಮುಖ ಊದಿಸಿಕೊಂಡ. ಟೀ ಕೊಟ್ಟೆ.

ದೊಡ್ಡ ಟೈರು ತಿರುಗಲು ಜಾಗವಿಲ್ಲವೆಂದು
ಚಕ್ರದ ಮೇಲಿನ ತಗಡು ಕೊಯ್ದೆ. ಗ್ರೈಂಡರಿನ ಕಿಡಿ
ಹೊರಗಿನ ದಾಳಿಂಬೆ ಗಿಡದವರೆಗೂ ಹಾರಿ ಆರಿತು.
ಎಂಜಿನ್ನಿನ ಹೊಟ್ಟೆಗೆ ಕವಚ: ಹಳೆಯ ಸಾಮೂಹಿಕ ಜಮೀನಿನ
ನೇಗಿಲ ಉಕ್ಕು, ಬಡಿದು ಬಡಿದು ಬಗ್ಗಿಸಿದ್ದು.
ಹೊಳೆ ದಾಟುವಾಗ ಉಸಿರಾಡಲು
ಬಚ್ಚಲಿನ ಪ್ಲಾಸ್ಟಿಕ್ ಪೈಪು, ಚಾವಣಿಯವರೆಗೆ.
ನೋಡಿದವರು ನಗುತ್ತಾರೆ,
ಎದೆಮಟ್ಟ ನೀರಿಗೆ ಇಳಿಯುವ ತನಕ.
ಬ್ರೇಕಿನ ಹೋಸು ಮಾತ್ರ ಎಲ್ಲವೂ ಹೊಸತು. ಅದರಲ್ಲಿ
ನಾನು ಚೌಕಾಸಿಗೆ ಸಿಗುವವಳಲ್ಲ.

"ಕೊನೆಗೊಂದು ಕೇಳಲೇ?" ಎಂದ. "ಸ್ಟಿಯರಿಂಗನ್ನು
ಎಡಕ್ಕೆ ಬದಲಿಸಿ ಕೊಡು. ಎಲ್ಲರ ಹಾಗೆ."
ಬೇಡ.
"ದುಡ್ಡು ಕೊಡುತ್ತೇನೆ."
ಬೇಡ ಅಂದೆನಲ್ಲ.

ಅಪ್ಪನ ಜೀಪಿನಲ್ಲಿ ಸ್ಟಿಯರಿಂಗು ಎಡಕ್ಕಿತ್ತು.
ಬಲಗಡೆ ಪ್ರಪಾತ. ಅಂಚು ಅವನಿಗೆ ಕಾಣುತ್ತಿರಲಿಲ್ಲ.
ಕಿರಿದಾದ ತಿರುವು ಬಂದರೆ ನನ್ನನ್ನು ಇಳಿಸುತ್ತಿದ್ದ.
ಜೀಪಿಗೆ ಮುಖಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ
ಅಂಗೈ ತೋರಿಸುತ್ತಿದ್ದೆ: ಬಾ, ಬಾ, ಇನ್ನೊಂದು ಗೇಣು,
ನಿಲ್ಲು.
ಒಂಬತ್ತು ವರ್ಷ ನನಗೆ. ಬಲಗಡೆಯ ಎರಡು ಚಕ್ರ ನನ್ನ ವಶ.
ಆ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತೆಂದು
ನನ್ನನ್ನು ಕೆಳಗೇ ಬಿಟ್ಟು ಹೋದ.

ಕೀಲಿ ತಿರುವಿದಾಗಲೆಲ್ಲ ವ್ಯಾನಿನೊಳಗಿಂದ ಒಬ್ಬ ಹೆಂಗಸು
ಜಪಾನೀ ಭಾಷೆಯಲ್ಲಿ ಏನೋ ಹೇಳುತ್ತಾಳೆ, ಬಲು ನಯವಾಗಿ.
ತಂತಿ ಕತ್ತರಿಸಲೇ ಎಂದು ಗೆಲಾ ಇಕ್ಕಳ ಹಿಡಿದ.
ಇರಲಿ ಬಿಡು. ಬೆಲ್ಟು ಹಾಕು ಅನ್ನುತ್ತಾಳೋ,
ಬಾಗಿಲು ತೆರೆದಿದೆ ಅನ್ನುತ್ತಾಳೋ,
ಆ ದಾರಿಯಲ್ಲಿ ಯಾರಾದರೂ ಏನಾದರೂ ಹೇಳುತ್ತಿರಬೇಕು.

ನಸುಕಿನ ನಾಲ್ಕಕ್ಕೆ ಹೊರಟರು.
ಹಿಟ್ಟಿನ ಮೂಟೆ, ಕುರಿಗಳಿಗೆ ಉಪ್ಪು, ತಗಡಿನ ಒಲೆ,
ತೊಡೆಯ ಮೇಲೆ ಕೋಳಿಬುಟ್ಟಿ ಇಟ್ಟ ನಾನುಲಿ ಅಜ್ಜಿ.
ಯಾರದೋ ಹಂದಿಮಾಂಸದ ಡಬ್ಬಿಯನ್ನು ಅಜ್ಜಿಯೇ ಇಳಿಸಿಟ್ಟಳು:
ಮೇಲಿನ ಗುಡಿಗಳಿಗೆ ಆಗಿಬರುವುದಿಲ್ಲ.
ಟೈರಿನ ಗಾಳಿ ಘಾಟಿಯ ಬುಡದಲ್ಲಿ ಇಳಿಸು,
ಇಳಿಜಾರಿನಲ್ಲಿ ಬ್ರೇಕು ನಂಬಬೇಡ, ಗೇರಿನಲ್ಲೇ ಹಿಡಿ...
ನನ್ನ ಮಾತು ಮುಗಿಯುವ ಮೊದಲೇ ಆ ಹೆಂಗಸು ಮಾತಾಡಿದಳು.
ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಈಗ ಶೆಡ್ಡು ಗುಡಿಸುತ್ತಿದ್ದೇನೆ.
ಕಸದಲ್ಲಿ ಒಂದು ನಟ್ಟು.
"ಕಳಚಿದ ಮೆಟ್ಟಿಲುಪಟ್ಟಿಯದು," ಅನ್ನುತ್ತಾನೆ ಗೆಲಾ.
ಅವೆಲ್ಲ ತುಕ್ಕು ಹಿಡಿದಿದ್ದವು. ಇದು ಹೊಳೆಯುತ್ತಿದೆ.
"ಹಾಗಾದರೆ ಬೇರೆ ಗಾಡಿಯದು."
ಇರಬಹುದು.
ಮೇಲೆ ಫೋನು ಸಿಗುವುದಿಲ್ಲ.
ಅಂಗೈಯಲ್ಲಿಟ್ಟುಕೊಂಡು, ಒಂದೊಂದೇ ಬೋಲ್ಟು
ಮನಸ್ಸಿನಲ್ಲಿ ಬಿಗಿಯುತ್ತ ಬರುತ್ತಿದ್ದೇನೆ,
ಮುಂದಿನ ಬಲಚಕ್ರದಿಂದ ಶುರುಮಾಡಿ.