ಇಲ್ಲದ ಬಣ್ಣ

ಶಾಲೆಯ ಲಾಂಛನಕ್ಕೆ ಸಿಂಹ ಬೇಡವೆಂದರು ಆರನೇ ಕ್ಲಾಸಿನವರು.
ವೇಲ್ಸಿನ ಈ ಕಣಿವೆಯಲ್ಲಿ ಯಾರು ಕಂಡಿದ್ದಾರೆ ಸಿಂಹ?
ಸ್ಲೇಟು ಸೀಳುವ ಉಳಿ ಇರಲಿ, ಒಂದು ಕುರಿ,
ತಾತನ ಬುತ್ತಿಡಬ್ಬಿಯೂ ಇರಲಿ ಅಂದ ಇಡ್ವಾಲ್.

ಲಂಡನ್ನಿನಿಂದ ಓಲೆ ಬಂತು:
ಬೂದುಬಣ್ಣ ಲಾಂಛನಶಾಸ್ತ್ರದಲ್ಲಿಲ್ಲ.
ಕಿಟಕಿಯಾಚೆ ಮಾಡು, ಬೇಲಿ, ಗೋರಿಕಲ್ಲು, ಮಳೆ
ಎಲ್ಲ ಅದೇ, ಇಲ್ಲದ ಬಣ್ಣ.
ಬೆಳ್ಳಿ ಎಂದು ಬರೆದುಕೊಂಡರು ಟೆಗ್ವೆನ್ ಟೀಚರು.

ಇನ್ನೊಂದು ತಪ್ಪು: ಉಳಿ ಬಲಕ್ಕಿರಬೇಕಿತ್ತು.
ಬಲಕ್ಕೇ ಇದೆಯಲ್ಲ ಮಿಸ್?
ಅಲ್ಲ ಮಗೂ,
ಬಲವೆಂದರೆ ನೋಡುವವರದಲ್ಲ,
ಗುರಾಣಿ ಹಿಡಿದು ಹಿಂದೆ ನಿಂತವರದು.

ಮೆರೆರಿಡ್ ಹಾಳೆ ಎತ್ತಿ ಹಿಂದೆ ನಿಂತಳು.
ಅಂಚಿನಲ್ಲಿ ಎರಡು ಹೆಬ್ಬೆರಳು,
ಕೆಳಗೆ ಅಣ್ಣನ ಹಳೆ ಬೂಟು.
ಕಿಟಕಿಯ ಬೆಳಕು ಕಾಗದ ಹಾದಿರಬೇಕು.

ಹೌದು ಮಿಸ್, ಅಂದಳು,
ನನಗೆ ಎಡಕ್ಕೇ ಇದೆ.