ಮೂರು, ನಾಲ್ಕು

ಡಿಸೆಂಬರ್ ಮೂವತ್ತೊಂದು, ಪೆನ್ಷನ್ ಮೊಹಲ್ಲಾ.
ನಡುಗೋಡೆಯ ಆಚೆ ಬೊನಿಫಾಸ್ ಮೈದಾ ಜರಡಿ ಹಿಡಿಯುತ್ತಿದ್ದರು.
ನಮ್ಮದು ತೆಳು ಗೋಡೆ. ಮೊದಲು ಜರಡಿಯ ಸದ್ದು ಬಂತು,
ಹಿಂದೆಯೇ ಆ ಕ್ಯಾಸೆಟ್ಟು.

ಹದಿನೆಂಟು ವರ್ಷ ಗ್ರೀಕರ ಸರಕು ಹಡಗಿನಲ್ಲಿ
ಅಡುಗೆ ಮಾಡಿದ ಮನುಷ್ಯ.
ಹಾಸನಕ್ಕೆ ತಂದದ್ದು ಇಷ್ಟು:
ಮೊಣಕೈ ಮೇಲೊಂದು ಸುಟ್ಟ ಕಲೆ,
ಬಂದರಿನ ಗಲ್ಲಿಯಲ್ಲಿ ಕೊಂಡ ಐದು ಕ್ಯಾಸೆಟ್ಟು,
ಯಾವ ಅಂಗಡಿಯೂ ಮುಟ್ಟದ ಒಂದು ದ್ರಾಕ್ಮಾ ನಾಣ್ಯ,
ಮತ್ತು ಹೊಸ ವರ್ಷದ ರೊಟ್ಟಿ.

"ನಾಣ್ಯವನ್ನು ಹಿಟ್ಟಿನಲ್ಲಿ ಹುದುಗಿಸುವುದು, ಟೀಚರಮ್ಮ.
ಯಾರ ತುಂಡಿಗೆ ಬರುತ್ತೋ ಆ ವರ್ಷ ಅವರದು."
"ಹಲ್ಲು ಮುರಿದರೆ?"
"ಹಲ್ಲೂ ಅವರದೇ."

ಈಸ್ಟು ಕೊಟ್ಟವನು ತಿರುವಿನ ಅಯ್ಯಂಗಾರ್ ಬೇಕರಿಯ ಸಂಪತ್ತು.
ಗೂಡು ಕೇಳಿದರೆ ಮಾತ್ರ ಕೈಮುಗಿದ:
"ಏಳು ಮೊಟ್ಟೆ ಸ್ವಾಮಿ! ನಾಳೆ ನನ್ನ ಬನ್ನು ಯಾರು ತಿಂತಾರೆ?"
ಹಾಗಾಗಿ ಅಪೊಲಿನ್ ಬಾಯಿಯ ಉಪಾಯ.
ದಪ್ಪ ತಳದ ಹಂಡೆ, ಒಳಗೆ ಒಂದು ಗೇಣು ಮರಳು,
ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ.
ಅಲ್ಲಿ ಯಾವುದೋ ಮರದ ಅಂಟು ಹಾಕುತ್ತಾರಂತೆ, ಘಮಕ್ಕೆ.
ಇಲ್ಲಿ ಏಲಕ್ಕಿ, ಕಿತ್ತಳೆ ಸಿಪ್ಪೆಯ ತುರಿ.

ಎಂಟು ವರ್ಷದ ನೆರೆ. ಎಂಟು ವರ್ಷವೂ ಆ ಸಂಗೀತ ನನಗೆ
ತಂತಿಗೆ ಜ್ವರ ಬಂದ ಹಾಗೆ.
ಆ ಮಧ್ಯಾಹ್ನ ಏಲಕ್ಕಿ ಕುಟ್ಟಿ ಕೊಡಲು ಹೋದವಳು
ನಾದುವ ಕೈ ನೋಡುತ್ತ ಕೂತೆ.
ಮೂರಕ್ಕೆ ಒತ್ತು, ನಾಲ್ಕಕ್ಕೆ ಮಡಿಸು.
ಮೂರಕ್ಕೆ ಒತ್ತು, ನಾಲ್ಕಕ್ಕೆ ಮಡಿಸು.
ತೊಡೆಯ ಮೇಲಿದ್ದ ನನ್ನ ಬೆರಳು
ನನ್ನನ್ನು ಕೇಳದೆ ಎಣಿಸತೊಡಗಿತು.

"ನಿಲ್ಲಿಸಿ! ಇದು ಭಾಮಿನಿ!"
"ಯಾರ್ರೀ ಅವಳು?" ಒಳಗಿನಿಂದ ಅಪೊಲಿನ್ ಬಾಯಿ.

ಮೂವತ್ತಾರು ವರ್ಷ, ಸರ್ಕಾರಿ ಹೈಸ್ಕೂಲು,
ಸೀಮೆಸುಣ್ಣ ಸವೆಸಿ ಪ್ರಸ್ತಾರ ಹಾಕಿಸಿದ್ದೆ.
ಸಂಜೆ ಮಕ್ಕಳಿಗೆ ಗಮಕ ಹೇಳಿಕೊಟ್ಟಿದ್ದೆ.
ಅದೇ ಏಳು ಮಾತ್ರೆ
ಪ್ಯಾಂಟು ತೊಟ್ಟು ಹಡಗಿನಿಂದ ಇಳಿದು
ಪಕ್ಕದ ಮನೆಯಲ್ಲೇ ಬಾಡಿಗೆಗಿತ್ತು,
ನಾನು ಗೋಡೆ ಗುದ್ದುತ್ತಿದ್ದೆ, ಸದ್ದು ಕಡಿಮೆ ಮಾಡಿ ಅಂತ.

ತಂತಿಯ ಮೇಲೆ ದನಿ ಇಟ್ಟು ನೋಡಿದೆ:

ಹಿಟ್ಟು ನಾದುವ ಕೈಗೆ ಕಡಲಿನ
ಗುಟ್ಟು ಬಿಚ್ಚುವ ಲೆಕ್ಕ ಗೊತ್ತಿದೆ
ಬಟ್ಟಲೊಳಗಿನ ಈಸ್ಟು ನಿದ್ದೆಯ ಕೊಡವಿ ಎದ್ದಿದೆಯೋ

ಅಷ್ಟರಲ್ಲಿ ಟೇಪು ಸಿಕ್ಕಿಕೊಂಡಿತು.
ಪೆನ್ಸಿಲ್ ತೂರಿಸಿ ಸುತ್ತಿದೆವು, ಹಿಟ್ಟಿನ ಕೈಯಲ್ಲೇ.
ಷಟ್ಪದಿಯ ಉಳಿದರ್ಧ ಈಗಲೂ ಬಾಕಿ.

ರಾತ್ರಿ ಹನ್ನೆರಡಕ್ಕೆ ಚಾಕು.
ಮೊದಲ ತುಂಡು ಯೇಸುವಿಗೆ, ಎರಡನೆಯದು ಮನೆಗೆ,
ಮೂರನೆಯದು ಬಾಗಿಲಿಗೆ ಬರುವ ಅಪರಿಚಿತರಿಗೆ.
ಆಮೇಲೆ ವಯಸ್ಸಿನ ಪ್ರಕಾರ. ಅಲ್ಲಿ ಸಣ್ಣ ಜಗಳ,
ನಾನೂ ಅಪೊಲಿನ್ ಬಾಯಿಯೂ ಇಬ್ಬರೂ ಕಿರಿಯರು.
ಮೊಟ್ಟೆ ಮುಟ್ಟದ ನಾನು
ನನ್ನ ತುಂಡನ್ನು ಮುರಿದು ನಾಣ್ಯ ಹುಡುಕಿದೆನಷ್ಟೆ,
ತಿನ್ನಲಿಲ್ಲ ಎಂದು ಬರೆಯಬೇಕು.
ತಿಂದೆ.
ನಾಣ್ಯ ಇರಲಿಲ್ಲ. ಯಾರದರಲ್ಲೂ ಇರಲಿಲ್ಲ.

ಬೆಳಿಗ್ಗೆ ಆರೂವರೆ. ಮಂಜಿನಲ್ಲಿ ಕಸದ ಗಾಡಿಯ ಹಾಡು.
ಪೇಪರಿನಲ್ಲಿ ಸುತ್ತಿದ ಮೂರನೆಯ ತುಂಡನ್ನು
ಗಾಡಿಯ ಹಿಂದೆ ಬರುವ ಹೆಂಗಸಿಗೆ ಕೊಟ್ಟದ್ದಾಯಿತು.
ನಾಲ್ಕು ಮನೆ ದಾಟಿ ವಾಪಸು ಬಂದಳು,
ದವಡೆ ಹಿಡಿದುಕೊಂಡು:
"ಅಕ್ಕಾ, ನಿಮ್ ದುಡ್ಡು ಇದರೊಳಗೆ ಸೇರ್ಕಂಬುಟ್ಟಿತ್ತು."

ಹನ್ನೊಂದು ವರ್ಷದಿಂದ ದಿನವೂ ಬರುವವಳು.
ಹೆಸರು ಕೇಳಿದ್ದು ಅಂದೇ.
ನಿಂಗಾಜಮ್ಮ.

"ಈ ವರ್ಷ ನಿಮ್ಮದು" ಅಂದರು ಬೊನಿಫಾಸ್, ಟೋಪಿ ತೆಗೆದು.
"ವರ್ಷ ತಗಂಡ್ ಏನ್ ಮಾಡ್ಲಿ ಸಾರ್?
ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ, ಸಾಕು."
ಅಂದರೂ ನಾಣ್ಯವನ್ನು ಸೆರಗಿಗೆ ಒರೆಸಿ
ಎಲೆಅಡಿಕೆ ಸಂಚಿಗೆ ಇಳಿಸಿದಳು.

ಗಾಡಿ ಹೊರಟಿತು. ಅದರ ಹಾಡನ್ನೂ ಎಣಿಸಿದೆ,
ಚಾಳಿ ಬಿಡಲಿಲ್ಲ.
ನಾಲ್ಕು, ನಾಲ್ಕು. ನಾಲ್ಕು, ನಾಲ್ಕು.
ಮೋರಿ ಕಲ್ಲಿನ ಮೇಲೆ ಗಾಲಿ ಎಗರಿದಾಗ ಮಾತ್ರ
ಒಂದು ಮಾತ್ರೆ ಜಾರಿತು.